ನಿಲುಗಡೆಯೇ ವ್ಯಾಪಾರ: ಅಮೆರಿಕದ ಪ್ರಯಾಣಿಕ ರೈಲುಗಳ ಅವನತಿ ಮತ್ತು ಮಂಡ್ಯ ಸೀಮೆಯ ವರ್ತಕರು

ಬೆಂಗಳೂರು–ಮೈಸೂರು ನಡುವಣ 119 ಕಿ.ಮೀ. ಉದ್ದದ ದಶಪಥ ಹೆದ್ದಾರಿಯು 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಗೊಂಡಿತು. ಸುಮಾರು ಮೂರು ಗಂಟೆಯ ಪ್ರಯಾಣ ಅರ್ಧಕ್ಕೆ ಇಳಿಯಿತು. ಬೆಂಗಳೂರಿಗೂ ಮೈಸೂರಿಗೂ ಇದು ನಿಸ್ಸಂದೇಹವಾಗಿ ಲಾಭದ ಸಂಗತಿ. ಆದರೆ ನಡುವಿನ ಊರುಗಳ ಲೆಕ್ಕ ಬೇರೆ. ಮದ್ದೂರಿನ ಹೋಟೆಲುಗಳ ಮುಂದೆ, ಚನ್ನಪಟ್ಟಣದ ಬೊಂಬೆ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ವಾಹನಗಳು ಹೆದ್ದಾರಿಯ ಬೇಲಿಯಾಚೆ ಹಾದುಹೋಗತೊಡಗಿದವು. ವ್ಯಾಪಾರ ಕುಸಿದಿದೆ ಎಂದು ಅಲ್ಲಿನ ವರ್ತಕರು ಆ ವರ್ಷವೇ ಬಹಿರಂಗವಾಗಿ ಹೇಳಿಕೊಂಡರು.

ಹೆದ್ದಾರಿಯಲ್ಲಿ ಆದದ್ದು ಕಣ್ಣಿಗೆ ಕಾಣುವ ಬದಲಾವಣೆ. ಒಂದೇ ದಿನದಲ್ಲಿ ಆದದ್ದು. ಇದಕ್ಕೆ ಸಮಾನಾಂತರವಾಗಿ ಹಳಿಯ ಮೇಲೆ ಆಗುತ್ತಿರುವ ಬದಲಾವಣೆ ನಿಧಾನವಾದದ್ದು. ಆದ್ದರಿಂದಲೇ ವರ್ತಕ ಸಮುದಾಯದ ಗಮನಕ್ಕೆ ಅದು ಅಷ್ಟಾಗಿ ಬಂದಿಲ್ಲ. ಪ್ರಯಾಣಿಕ ರೈಲು ಒಂದು ಪ್ರದೇಶದಿಂದ ಹೇಗೆ ಹಿಂದೆ ಸರಿಯುತ್ತದೆ, ಹಿಂದೆ ಸರಿದಾಗ ಸಣ್ಣ ಊರಿನ ವ್ಯಾಪಾರಕ್ಕೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಅತ್ಯಂತ ಸ್ಪಷ್ಟ ಉದಾಹರಣೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಅಮೆರಿಕ. ಆ ದೇಶದ ಅನುಭವವನ್ನು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ವರ್ತಕರು ಮತ್ತು ಸಣ್ಣ ಉದ್ಯಮಿಗಳು ಒಮ್ಮೆ ಪರಿಶೀಲಿಸುವುದು ಸಕಾಲಿಕ.

ಇಪ್ಪತ್ತು ಸಾವಿರದಿಂದ ಐನೂರರೊಳಗೆ

1916ರಲ್ಲಿ ಅಮೆರಿಕದ ರೈಲು ಮಾರ್ಗಗಳ ಒಟ್ಟು ಉದ್ದ ಸುಮಾರು 2,54,000 ಮೈಲಿಗಳಷ್ಟಿತ್ತು. ಅದು ಆ ದೇಶ ಮುಟ್ಟಿದ ಗರಿಷ್ಠ ಪ್ರಮಾಣ. 1929ರ ವೇಳೆಗೆ ದಿನವೊಂದಕ್ಕೆ ಸುಮಾರು 20,000 ಪ್ರಯಾಣಿಕ ರೈಲುಗಳು ಓಡುತ್ತಿದ್ದವು. 1970ರಲ್ಲಿ ಈ ಸಂಖ್ಯೆ ಐನೂರಕ್ಕೂ ಕೆಳಗೆ ಇಳಿದಿತ್ತು.

ಈ ಇಳಿಕೆ ನೇರವಾಗಿ ಆಗಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಮತ್ತು ಟೈರುಗಳಿಗೆ ಪಡಿತರ ಬಂದಾಗ ಜನ ಮತ್ತೆ ರೈಲಿಗೆ ಮುಗಿಬಿದ್ದರು. 1944ರಲ್ಲಿ ಪ್ರಯಾಣಿಕ ಸಂಚಾರ ಹಿಂದೆಂದೂ ಕಾಣದ ಮಟ್ಟಕ್ಕೆ, ಅಂದರೆ ಸುಮಾರು 9,500 ಕೋಟಿ ಪ್ರಯಾಣಿಕ-ಮೈಲಿಗಳಿಗೆ ಏರಿತು. ಈ ಭರಾಟೆಯನ್ನು ನಂಬಿದ ಕಂಪನಿಗಳು ಯುದ್ಧಾನಂತರ ಹೊಸ ಬೋಗಿಗಳಿಗೆ ಅಪಾರ ಬಂಡವಾಳ ಹೂಡಿದವು. 1949ರಲ್ಲಿ ಷಿಕಾಗೋ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ನಡುವೆ ಆರಂಭವಾದ ಕ್ಯಾಲಿಫೋರ್ನಿಯಾ ಜೆಫಿರ್ ರೈಲಿಗೆ ಪರ್ವತದ ನೋಟ ಕಾಣುವಂತೆ ಗಾಜಿನ ಗುಮ್ಮಟದ ಬೋಗಿಗಳನ್ನೇ ಜೋಡಿಸಲಾಗಿತ್ತು. ಜನಪ್ರಿಯವಾಗಿದ್ದ ಆ ರೈಲೂ 1970ರ ಮಾರ್ಚ್‌ನಲ್ಲಿ ನಿಂತಿತು. ಆ ವರ್ಷ ಇಡೀ ದೇಶದ ರೈಲು ಪ್ರಯಾಣಿಕ ಸಂಚಾರ 1944ರ ಪ್ರಮಾಣದ ಎಂಟನೆಯ ಒಂದು ಭಾಗದಷ್ಟೂ ಉಳಿದಿರಲಿಲ್ಲ.

ಕಾರಣ ಒಂದೇ ಅಲ್ಲ

ಜನರು ಕಾರು ಕೊಂಡರು, ವಿಮಾನ ಹತ್ತಿದರು, ಆದ್ದರಿಂದ ರೈಲು ನಿಂತಿತು ಎಂಬುದು ಸಾಮಾನ್ಯವಾಗಿ ಕೇಳಿಬರುವ ವಿವರಣೆ. ಇದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ವ್ಯಾಪಾರಿಯ ಕಣ್ಣಿನಿಂದ ಜಮಾ-ಖರ್ಚಿನ ಪುಸ್ತಕ ತೆರೆದು ನೋಡಿದರೆ ಬೇರೆ ಸಂಗತಿಗಳೂ ಕಾಣುತ್ತವೆ.

ಮೊದಲನೆಯದು, ಸಾರ್ವಜನಿಕ ಹಣ ಹರಿದ ದಿಕ್ಕು. ಅಧ್ಯಕ್ಷ ಐಸೆನ್‌ಹೋವರ್ 1956ರ ಜೂನ್ 29ರಂದು ಸಹಿ ಹಾಕಿದ ಹೆದ್ದಾರಿ ಕಾಯಿದೆಯು 41,000 ಮೈಲಿ ಉದ್ದದ ಹೆದ್ದಾರಿ ಜಾಲಕ್ಕೆ 2,500 ಕೋಟಿ ಡಾಲರುಗಳನ್ನು ಒದಗಿಸಿತು. ಅಂತರರಾಜ್ಯ ಹೆದ್ದಾರಿಯ ವೆಚ್ಚದಲ್ಲಿ ಶೇ. 90ರಷ್ಟನ್ನು ಕೇಂದ್ರ ಸರ್ಕಾರವೇ ಭರಿಸಿತು. ಇಂಧನದ ಮೇಲಿನ ತೆರಿಗೆ ಇದಕ್ಕೆಂದೇ ಸ್ಥಾಪಿಸಿದ ನಿಧಿಗೆ ಸೇರುತ್ತಿತ್ತು. ಆ ನಿಧಿಯಿಂದ ಮತ್ತಷ್ಟು ರಸ್ತೆ ನಿರ್ಮಾಣವಾಗುತ್ತಿತ್ತು. ವಿಮಾನ ನಿಲ್ದಾಣಗಳನ್ನು ನಗರಾಡಳಿತಗಳು ಕಟ್ಟಿಕೊಟ್ಟವು. ರೈಲು ಕಂಪನಿಗಳಾದರೋ ತಮ್ಮ ಹಳಿಯನ್ನು ತಾವೇ ಹಾಕಿ, ತಾವೇ ಕಾಯ್ದು, ಹಳಿಯ ಕೆಳಗಿನ ಭೂಮಿಗೂ ನಿಲ್ದಾಣದ ಕಟ್ಟಡಕ್ಕೂ ಸ್ಥಳೀಯ ತೆರಿಗೆ ತೆರಬೇಕಾಗಿತ್ತು. ಯುದ್ಧಕಾಲದಲ್ಲಿ ಅನಗತ್ಯ ಪ್ರಯಾಣವನ್ನು ತಡೆಯಲೆಂದು ಟಿಕೆಟ್ಟಿನ ಮೇಲೆ ವಿಧಿಸಿದ್ದ ತೆರಿಗೆ ಯುದ್ಧ ಮುಗಿದು ಹದಿನೇಳು ವರ್ಷಗಳ ನಂತರ, 1962ರಲ್ಲಿ ರದ್ದಾಯಿತು.

ಎರಡನೆಯದು, ನಿಯಮಗಳ ಜಡತ್ವ. ಉಗಿಬಂಡಿಯ ಕಾಲದಲ್ಲಿ ರೂಪುಗೊಂಡ ಒಪ್ಪಂದದಂತೆ ಎಂಜಿನ್ ಚಾಲಕ ಸಿಬ್ಬಂದಿಗೆ 100 ಮೈಲಿ ಓಟವೇ ಒಂದು ದಿನದ ಕೂಲಿಗೆ ಆಧಾರವಾಗಿತ್ತು. ರೈಲಿನ ವೇಗ ಹೆಚ್ಚಿ, ಅಷ್ಟು ದೂರ ಎರಡೇ ಗಂಟೆಯ ಕೆಲಸವಾದ ಮೇಲೂ ಲೆಕ್ಕ ಬದಲಾಗಲಿಲ್ಲ. ನಿಯಂತ್ರಣ ಆಯೋಗವೂ, ಕಂಪನಿಗಳೂ, ಕಾರ್ಮಿಕ ಸಂಘಗಳೂ ಒಬ್ಬರ ಮೇಲೊಬ್ಬರು ದೋಷ ಹೊರಿಸುತ್ತ ಕಾಲ ಕಳೆದವು.

ಮೂರನೆಯದು, ಮತ್ತು ವರ್ತಕರು ವಿಶೇಷವಾಗಿ ಗಮನಿಸಬೇಕಾದದ್ದು, ಪೂರಕ ಆದಾಯದ ನಷ್ಟ. ಪ್ರಯಾಣಿಕ ರೈಲು ಬರಿಯ ಪ್ರಯಾಣಿಕರಿಂದ ಬದುಕಿರಲಿಲ್ಲ. ಅದರ ಬೆನ್ನಿಗೆ ಅಂಚೆ ಬೋಗಿ ಇತ್ತು, ಪಾರ್ಸೆಲ್ ಬೋಗಿ ಇತ್ತು. ಆಸನಗಳು ಅರ್ಧ ಖಾಲಿಯಿದ್ದರೂ ಅಂಚೆಯ ಬಾಡಿಗೆ ರೈಲನ್ನು ನಡೆಸುತ್ತಿತ್ತು. 1967ರಲ್ಲಿ ಅಮೆರಿಕದ ಅಂಚೆ ಇಲಾಖೆ ತನ್ನ ಚಲಿಸುವ ಅಂಚೆ ಬೋಗಿಗಳಲ್ಲಿ ಬಹುಪಾಲನ್ನು ಹಿಂತೆಗೆದುಕೊಂಡು ಪತ್ರಗಳನ್ನು ವಿಮಾನಕ್ಕೂ ಲಾರಿಗೂ ವರ್ಗಾಯಿಸಿತು. ಅದುವರೆಗೆ ಪ್ರಯಾಣಿಕ ಸೇವೆಯ ಬಗ್ಗೆ ಹೆಮ್ಮೆಯಿಂದ ನಡೆದುಕೊಂಡಿದ್ದ ಸಾಂಟಾ ಫೆ ಕಂಪನಿಯೂ ತನ್ನ ಹಲವು ರೈಲುಗಳನ್ನು ನಿಲ್ಲಿಸಲು ಅರ್ಜಿ ಹಾಕಿತು. ನ್ಯೂಯಾರ್ಕ್–ಷಿಕಾಗೋ ನಡುವೆ 1902ರಿಂದ ಓಡುತ್ತಿದ್ದ ಪ್ರತಿಷ್ಠಿತ ಟ್ವೆಂಟಿಯತ್ ಸೆಂಚುರಿ ಲಿಮಿಟೆಡ್ ಕೊನೆಗೊಂಡದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. 1968 ಮುಗಿಯುವ ಹೊತ್ತಿಗೆ ಪುಲ್‌ಮನ್ ಕಂಪನಿ ಮಲಗುವ ಬೋಗಿಗಳ ನಿರ್ವಹಣೆಯಿಂದಲೇ ಹೊರಬಂದಿತು.

ನಾಲ್ಕನೆಯದು, ಸೇವೆಯನ್ನು ಕಳಪೆಗೊಳಿಸಿ ಗ್ರಾಹಕರನ್ನು ದೂರಮಾಡುವ ಪದ್ಧತಿ. ಕೆಲವು ಕಂಪನಿಗಳು ಊಟದ ಬೋಗಿಯನ್ನು ತೆಗೆದು ಕಾಸು ಹಾಕಿದರೆ ತಿಂಡಿ ಬೀಳುವ ಯಂತ್ರಗಳನ್ನು ಇಟ್ಟವು. ಸದರನ್ ಪೆಸಿಫಿಕ್ ಕಂಪನಿ 1960ರ ದಶಕದಲ್ಲಿ ಇದಕ್ಕೆ ಹೆಸರಾಗಿತ್ತು. ಸೇವೆ ಕೆಟ್ಟಂತೆ ಜನ ಕಡಿಮೆಯಾದರು. ಜನ ಕಡಿಮೆಯಾದಂತೆ, ಬೇಡಿಕೆಯಿಲ್ಲ ಎಂಬ ವಾದಕ್ಕೆ ಪುರಾವೆ ದೊರೆಯಿತು.

ಸಣ್ಣ ಊರುಗಳು ಎಡವಿದ್ದೆಲ್ಲಿ?

1958ಕ್ಕೆ ಮುಂಚೆ ರೈಲೊಂದನ್ನು ನಿಲ್ಲಿಸಲು ಕಂಪನಿಯು ಪ್ರತಿ ರಾಜ್ಯದ ಆಯೋಗದ ಅನುಮತಿ ಪಡೆಯಬೇಕಾಗಿತ್ತು. ಆ ವರ್ಷದ ಸಾರಿಗೆ ಕಾಯಿದೆ ಇದನ್ನು ಸಡಿಲಿಸಿತು. ಅಂತರರಾಜ್ಯ ರೈಲಾದರೆ ಮೂವತ್ತು ದಿನಗಳ ನೋಟಿಸು ಸಾಕು. ಕೇಂದ್ರದ ಆಯೋಗ ತಡೆಯದಿದ್ದರೆ ರೈಲು ನಿಂತಂತೆಯೇ. ಅದೇ ವರ್ಷ ಆಯೋಗದ ಪರಿವೀಕ್ಷಕ ಹೋವರ್ಡ್ ಹಾಸ್ಮರ್ ತಮ್ಮ ವರದಿಯಲ್ಲಿ, ಪ್ರವೃತ್ತಿ ಹೀಗೆಯೇ ಮುಂದುವರಿದರೆ 1970ರ ವೇಳೆಗೆ ಪ್ರಯಾಣಿಕ ರೈಲು ಕಾಣೆಯಾಗುವುದೆಂದು ಎಚ್ಚರಿಸಿದರು. ಎಚ್ಚರಿಕೆ ಮುದ್ರಣಗೊಂಡಿತು, ಕ್ರಮ ಜರುಗಲಿಲ್ಲ.

ನೋಟಿಸು ಬಂದಾಗ ಸಣ್ಣ ಊರುಗಳ ಪುರಸಭೆಗಳೂ ವಾಣಿಜ್ಯ ಸಂಸ್ಥೆಗಳೂ ವಿಚಾರಣೆಗೆ ಹೋಗಿ ಆಕ್ಷೇಪಣೆ ಸಲ್ಲಿಸುತ್ತಿದ್ದವು. ಆಗ ರೈಲು ಕಂಪನಿಯ ವಕೀಲರ ಬಳಿ ಒಂದು ಸಿದ್ಧ ಪ್ರಶ್ನೆ ಇರುತ್ತಿತ್ತು: ಸಾಕ್ಷಿಗಳು ಈ ವಿಚಾರಣೆಗೆ ಬಂದದ್ದು ಯಾವ ವಾಹನದಲ್ಲಿ? ಬಹುಮಂದಿ ಕಾರಿನಲ್ಲಿ ಬಂದಿರುತ್ತಿದ್ದರು. ಕಳೆದ ವರ್ಷ ಈ ರೈಲಿನಲ್ಲಿ ಎಷ್ಟು ಬಾರಿ ಪ್ರಯಾಣಿಸಿದ್ದೀರಿ, ಎಷ್ಟು ಪಾರ್ಸೆಲ್ ಕಳುಹಿಸಿದ್ದೀರಿ ಎಂಬ ಮುಂದಿನ ಪ್ರಶ್ನೆಗೆ ಉತ್ತರ ಇರುತ್ತಿರಲಿಲ್ಲ. ರೈಲು ಊರಿನ ಗೌರವ ಎಂದು ವಾದಿಸಿದವರ ಬಳಿ ರೈಲಿನಿಂದ ಊರಿಗೆ ಬರುತ್ತಿದ್ದ ವರಮಾನದ ಲೆಕ್ಕ ಇರಲಿಲ್ಲ. ಎದುರು ಪಕ್ಷದ ಬಳಿ ನಷ್ಟದ ಲೆಕ್ಕ ಪೈಸೆ ಪೈಸೆಗೂ ಇತ್ತು.

ಕೊನೆಗೆ, 1968ರಲ್ಲಿ ಎರಡು ದೊಡ್ಡ ಕಂಪನಿಗಳು ಕೂಡಿ ಆಗಿದ್ದ ಪೆನ್ ಸೆಂಟ್ರಲ್ 1970ರ ಜೂನ್‌ನಲ್ಲಿ ದಿವಾಳಿಯಾಯಿತು. ಆ ವರ್ಷದ ಅಕ್ಟೋಬರ್ 30ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾಯಿದೆಯಿಂದ ಆಮ್‌ಟ್ರಾಕ್ ಹುಟ್ಟಿತು. 1971ರ ಮೇ 1ರಂದು ಅದು ಸೇವೆ ಆರಂಭಿಸಿದಾಗ, ಹಿಂದಿನ ದಿನದವರೆಗೆ ಉಸಿರು ಹಿಡಿದುಕೊಂಡಿದ್ದ ರೈಲುಗಳಲ್ಲಿ ಸರಿಸುಮಾರು ಅರ್ಧದಷ್ಟು ಮಾತ್ರ ಉಳಿದವು. ದಕ್ಷಿಣ ಡಕೋಟ, ವಯೋಮಿಂಗ್ ರಾಜ್ಯಗಳಲ್ಲಿ ಇಂದಿಗೂ ಆಮ್‌ಟ್ರಾಕ್ ರೈಲು ಇಲ್ಲ.

ದೊಡ್ಡ ನಗರಗಳು ಈ ನಷ್ಟವನ್ನು ವಿಮಾನದಿಂದ ತುಂಬಿಕೊಂಡವು. ನಡುವಿನ ಊರುಗಳು ತುಂಬಿಕೊಳ್ಳಲಾಗಲಿಲ್ಲ. 1876ರಲ್ಲಿ ಟೊಪೀಕಾ ನಿಲ್ದಾಣದ ಒಂದು ಊಟದ ಮನೆಯಿಂದ ಆರಂಭಿಸಿ ಸಾಂಟಾ ಫೆ ಮಾರ್ಗದುದ್ದಕ್ಕೂ ಹೋಟೆಲುಗಳ ಸರಪಣಿ ಕಟ್ಟಿದ ಫ್ರೆಡ್ ಹಾರ್ವೆಯ ಉದ್ಯಮ ನಿಂತಿದ್ದುದು ಒಂದೇ ತತ್ತ್ವದ ಮೇಲೆ: ರೈಲು ನಿಲ್ಲುತ್ತದೆ, ಜನ ಇಳಿಯುತ್ತಾರೆ. ಮೊದಲು ಊಟದ ಬೋಗಿ ಬಂದು, ನಂತರ ಹೆದ್ದಾರಿ ಬಂದು, ಆ ತತ್ತ್ವ ಅಳಿದಂತೆ ಸಣ್ಣ ಊರುಗಳ ಆ ಹೋಟೆಲುಗಳೂ ಒಂದೊಂದಾಗಿ ಬಾಗಿಲು ಹಾಕಿದವು.

ಮದ್ದೂರಿನ ತತ್ತ್ವವೂ ಅದೇ

ಧಾತು ಸಂವತ್ಸರದ ಘೋರ ಕ್ಷಾಮದ ಬೆನ್ನಿಗೇ ನಿರ್ಮಾಣಗೊಂಡ ಬೆಂಗಳೂರು–ಮೈಸೂರು ಮೀಟರ್ ಗೇಜ್ ಮಾರ್ಗ 1882ರಲ್ಲಿ ಪೂರ್ಣಗೊಂಡಿತು. ಮಂಡ್ಯ ಜಿಲ್ಲೆ ರೂಪುಗೊಂಡದ್ದು 1939ರಲ್ಲಿ. ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಎಂದರೆ ಜಿಲ್ಲೆಗಿಂತಲೂ, ಕಾರ್ಖಾನೆಗಿಂತಲೂ ರೈಲು ಹಿರಿಯದು. ಮದ್ದೂರು ವಡೆಯ ಹುಟ್ಟಿನ ಬಗ್ಗೆ ಪ್ರಚಲಿತವಿರುವ ಕಥೆಯೂ ನಿಲ್ದಾಣದ್ದೇ. 1917ರಲ್ಲಿ ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬವರು ರೈಲು ಬೇಗ ಬಂದ ದಿನ ಕೈಗೆ ಸಿಕ್ಕ ಹಿಟ್ಟು, ಈರುಳ್ಳಿ ಕಲಸಿ, ತಟ್ಟಿ, ಎಣ್ಣೆಗೆ ಬಿಟ್ಟರಂತೆ. ಅದು ಊರಿನ ಹೆಸರನ್ನೇ ಹೊತ್ತು ನಾಡೆಲ್ಲ ತಿರುಗಿತು. ಹಾರ್ವೆಯ ಹೋಟೆಲಿಗೂ ಬುಧ್ಯರ ಬಾಣಲೆಗೂ ಬಂಡವಾಳ ಒಂದೇ: ನಿಲುಗಡೆ.

ಈ ಮಾರ್ಗ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಕಳೆದ ದಶಕದಲ್ಲಿ ಜೋಡಿ ಹಳಿಯೂ ವಿದ್ಯುದೀಕರಣವೂ ಆದವು. ಶ್ರೀರಂಗಪಟ್ಟಣದಲ್ಲಿ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದ್ದು ದೇಶದ ಗಮನ ಸೆಳೆದಿತ್ತು. ಹಳಿಯ ದೃಷ್ಟಿಯಿಂದ ನೋಡಿದರೆ ಇದು ಅವನತಿಯಲ್ಲ, ಉನ್ನತಿ. ಅಮೆರಿಕದಲ್ಲಿ ಆದಂತೆ ಇಲ್ಲಿ ಪ್ರಯಾಣಿಕರ ಕೊರತೆಯೂ ಇಲ್ಲ. ಬೆಳಗಿನ ರೈಲುಗಳಲ್ಲಿ ನಿಲ್ಲಲು ಜಾಗವಿಲ್ಲ. ಈ ವ್ಯತ್ಯಾಸವನ್ನು ಮರೆತು ಎರಡೂ ದೇಶಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಆದರೆ ಹಳಿ ಬೇರೆ, ನಿಲುಗಡೆ ಬೇರೆ. 1994ರಲ್ಲಿ ಬಂದ ಶತಾಬ್ದಿಯಾಗಲಿ, 2022ರ ನವೆಂಬರ್‌ನಲ್ಲಿ ಬಂದ ವಂದೇ ಭಾರತ್ ಆಗಲಿ ಮದ್ದೂರಿಗಾಗಿ ಓಡುವ ರೈಲುಗಳಲ್ಲ. ಹನಕೆರೆ, ಯಲಿಯೂರು, ಬ್ಯಾಡರಹಳ್ಳಿಯಂತಹ ನಿಲ್ದಾಣಗಳಿಗೆ ರೈಲು ಎಂದರೆ ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್ ಗಾಡಿ ಮಾತ್ರ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ದೇಶದ ಪ್ರಯಾಣಿಕ ರೈಲುಗಳೆಲ್ಲ ನಿಂತವು. ಪ್ಯಾಸೆಂಜರ್ ಗಾಡಿಗಳು ಮತ್ತೆ ಬಂದಾಗ 'ವಿಶೇಷ' ಎಂಬ ಹೆಸರಿನಲ್ಲಿ, ಎಕ್ಸ್‌ಪ್ರೆಸ್ ದರದಲ್ಲಿ ಬಂದವು. ಕನಿಷ್ಠ ದರ 10 ರೂಪಾಯಿಯಿಂದ 30 ರೂಪಾಯಿಗೆ ಏರಿತು. ಹಳೆಯ ದರ ಮರಳಿದ್ದು 2024ರ ಫೆಬ್ರವರಿಯಲ್ಲಿ. ಸುಮಾರು ನಾಲ್ಕು ವರ್ಷಗಳ ಈ ಅವಧಿಯಲ್ಲಿ ಮಂಡ್ಯದ ಅಂಗಡಿಗೆ ಕೆಲಸಕ್ಕೆ ಬರುವ ಹುಡುಗನೂ, ಸಂತೆಗೆ ಸೊಪ್ಪು ತರುವ ಹೆಂಗಸೂ ಬಸ್ಸಿಗೋ ಬೈಕಿಗೋ ಹೊಂದಿಕೊಂಡಿದ್ದರೆ ಆಶ್ಚರ್ಯವಿಲ್ಲ. ಹಾಗೆ ಒಮ್ಮೆ ಹೊಂದಿಕೊಂಡವರು ಸುಲಭವಾಗಿ ಮರಳುವುದಿಲ್ಲವೆಂಬುದನ್ನು ಅಮೆರಿಕದ ಅನುಭವ ತೋರಿಸಿದೆ.

ಇದರಲ್ಲಿ ವರ್ತಕರ ಪಾಲೇನು?

ಹೊಳಲಿನಂತಹ ಊರಿಗೆ ನಿಲ್ದಾಣವಿಲ್ಲ. ಮಂಡ್ಯದ ನಿಲ್ದಾಣವೇ ಅದರ ನಿಲ್ದಾಣ. ಮಳವಳ್ಳಿಗೆ ಹಳಿಯೇ ಇಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೂಲಕ ಚಾಮರಾಜನಗರ ಮುಟ್ಟಬೇಕಾದ ಮಾರ್ಗ 1996-97ರಲ್ಲಿ ಮಂಜೂರಾಗಿ ಕಾಗದದಲ್ಲೇ ಉಳಿದಿದೆ. ಹೀಗಿರುವಾಗ ಮಂಡ್ಯ ಮತ್ತು ಮದ್ದೂರಿನ ನಿಲುಗಡೆಗಳು ಆ ಎರಡು ಪಟ್ಟಣಗಳ ಸ್ವತ್ತಷ್ಟೇ ಅಲ್ಲ. ಮೂರು ತಾಲ್ಲೂಕುಗಳ ಆಲೆಮನೆ, ಅಕ್ಕಿ ಗಿರಣಿ, ರೇಷ್ಮೆ, ಎಳನೀರು ವ್ಯಾಪಾರಗಳ ಸಮಾನ ಸ್ವತ್ತು. ಅಲ್ಲಿ ಇಳಿಯುವ ಪ್ರತಿ ಪ್ರಯಾಣಿಕನೂ ಆಟೋ ಹತ್ತುತ್ತಾನೆ, ಕಾಫಿ ಕುಡಿಯುತ್ತಾನೆ, ಒಂದಿಲ್ಲೊಂದು ಅಂಗಡಿಯ ಮುಂದೆ ಹಾದುಹೋಗುತ್ತಾನೆ. ಹೆದ್ದಾರಿಯ ಮೇಲಿನ ಪ್ರಯಾಣಿಕನಿಗೆ ಟೋಲ್ ಕಟ್ಟುವುದಷ್ಟೇ ನಿಲುಗಡೆ.

ರೈಲ್ವೆಯ ಪ್ರಯಾಣಿಕ ಸೇವೆ ನಷ್ಟದ್ದು. ಆದಕಾರಣ ಇನ್ನಷ್ಟು ನಿಲುಗಡೆ ಕೇಳುವುದು ನ್ಯಾಯವಲ್ಲ ಎಂಬ ವಾದವನ್ನು ಕಡೆಗಣಿಸುವಂತಿಲ್ಲ. 100 ರೂಪಾಯಿ ವೆಚ್ಚದ ಪ್ರಯಾಣಕ್ಕೆ ಸರಾಸರಿ 54 ರೂಪಾಯಿ ಮಾತ್ರ ಪಡೆಯಲಾಗುತ್ತಿದೆ ಎಂದು ರೈಲ್ವೆ ಸಚಿವರು 2024ರಲ್ಲಿ ಸಂಸತ್ತಿಗೆ ತಿಳಿಸಿದ್ದಾರೆ. ಉಳಿದದ್ದರ ಬಹುಭಾಗವನ್ನು ಭರಿಸುತ್ತಿರುವುದು ಸರಕು ಸಾಗಣೆಯ ವರಮಾನ, ಅಂದರೆ ಅಂತಿಮವಾಗಿ ವ್ಯಾಪಾರ ವಲಯವೇ. ಈ ಮಾತು ನಿಲುಗಡೆಯ ವಿರುದ್ಧ ಹೋಗುವಷ್ಟೇ ವರ್ತಕರ ಹಕ್ಕಿನ ಪರವಾಗಿಯೂ ಹೋಗುತ್ತದೆ. ಹಣ ಕೊಡುತ್ತಿರುವವರು ಸೇವೆಯ ಸ್ವರೂಪದ ಬಗ್ಗೆ ಮಾತನಾಡಬೇಕು. ಹಾಗೆಯೇ, ನಿಲುಗಡೆಯೊಂದು ರೈಲಿನ ಕೆಲವು ನಿಮಿಷಗಳನ್ನು ತಿನ್ನುತ್ತದೆ ಎಂಬುದೂ ನಿಜ. ಎಲ್ಲ ರೈಲೂ ಎಲ್ಲ ಕಡೆ ನಿಲ್ಲಬೇಕೆಂಬ ಬೇಡಿಕೆ ವಿವೇಕದ್ದಲ್ಲ. ವೇಗದ ರೈಲು ಹೆಚ್ಚಿದಷ್ಟೂ ನಿಧಾನದ ರೈಲು ಕಡಿಮೆಯಾಗಬಾರದು ಎಂಬುದು ವಿವೇಕದ ಬೇಡಿಕೆ.

ನಿಲ್ದಾಣದ ಕಟ್ಟಡ ಹೊಸದಾದರೆ ಸಾಕು ಎಂಬ ಭಾವನೆಯೂ ಸಲ್ಲದು. ಅಮೃತ ಭಾರತ ಯೋಜನೆಯ ಪಟ್ಟಿಯಲ್ಲಿ ಮಂಡ್ಯ, ಮದ್ದೂರು ಎರಡೂ ಇವೆ, ಇದು ಸ್ವಾಗತಾರ್ಹ. ಆದರೆ ಬಫೆಲೋ ನಗರದಲ್ಲಿ 1929ರಲ್ಲಿ ಕಟ್ಟಿದ ಭವ್ಯ ನಿಲ್ದಾಣ 1979ರಲ್ಲಿ ಮುಚ್ಚಿತು. ಕಟ್ಟಡ ರೈಲನ್ನು ಕರೆತರುವುದಿಲ್ಲ.

ಮಾಡಬೇಕಾದದ್ದು

ಮೊದಲಿಗೆ, ಲೆಕ್ಕ ಸಿದ್ಧವಾಗಬೇಕು. ವಾರದ ಯಾವ ದಿನ, ಯಾವ ರೈಲಿನಿಂದ ಎಷ್ಟು ನೌಕರರು, ಎಷ್ಟು ಗ್ರಾಹಕರು ಬರುತ್ತಾರೆ, ಎಷ್ಟು ಸರಕು ಪಾರ್ಸೆಲ್‌ನಲ್ಲಿ ಹೋಗುತ್ತದೆ ಎಂಬ ವಿವರವನ್ನು ಮೂರೂ ತಾಲ್ಲೂಕುಗಳ ವರ್ತಕ ಸಂಘಗಳು ವರ್ಷಕ್ಕೊಮ್ಮೆಯಾದರೂ ಸಂಗ್ರಹಿಸಬೇಕು. ಇದಕ್ಕೆ ತಜ್ಞರೇ ಬೇಕಿಲ್ಲ; ಪ್ರತಿ ಅಂಗಡಿಯಲ್ಲಿ ಒಂದು ಪುಸ್ತಕ ಸಾಕು.

ಎರಡನೆಯದಾಗಿ, ಆ ಲೆಕ್ಕವನ್ನು ಸಲ್ಲಿಸುವ ವೇದಿಕೆಗಳನ್ನು ಬಳಸಿಕೊಳ್ಳಬೇಕು. ನೈರುತ್ಯ ರೈಲ್ವೆಯ ವಿಭಾಗೀಯ ಬಳಕೆದಾರರ ಸಲಹಾ ಸಮಿತಿಯಲ್ಲಿ ವಾಣಿಜ್ಯ ಸಂಸ್ಥೆಗಳಿಗೆ ಪ್ರಾತಿನಿಧ್ಯಕ್ಕೆ ಅವಕಾಶವಿದೆ. ವೇಳಾಪಟ್ಟಿ ಬದಲಾದ ಮೇಲೆ ಮನವಿ ಕೊಡುವುದಕ್ಕಿಂತ, ಬದಲಾಗುವ ಮುನ್ನ ಅಂಕಿಅಂಶ ಕೊಡುವುದು ಫಲಕಾರಿ.

ಮೂರನೆಯದಾಗಿ, ರೈಲಿಗೆ ಸರಕು ಕೊಡಬೇಕು. ಮದ್ದೂರಿನ ಎಳನೀರು, ಮಂಡ್ಯದ ಬೆಲ್ಲ ಬಹುಪಾಲು ಲಾರಿಯನ್ನೇ ನೆಚ್ಚಿವೆ. ಲಾರಿ ಅಂಗಡಿಯ ಬಾಗಿಲಿಗೆ ಬರುತ್ತದೆ, ರೈಲು ಬರುವುದಿಲ್ಲ. ಈ ಅನುಕೂಲವನ್ನು ಅಲ್ಲಗಳೆಯಲಾಗದು. ಆದರೂ ದೂರದ ಊರಿಗೆ ಹೋಗುವ ಸರಕಿನ ಒಂದು ಭಾಗವನ್ನಾದರೂ ಒಟ್ಟುಗೂಡಿಸಿ ಪಾರ್ಸೆಲ್ ಮೂಲಕ ಕಳುಹಿಸುವ ಪ್ರಯೋಗವನ್ನು ಸಂಘಗಳು ಮಾಡಿ ನೋಡಬಹುದು. ಅಂಚೆ ಬೋಗಿ ಹೋದ ಮೇಲೆ ಅಮೆರಿಕದ ರೈಲಿಗೆ ಏನಾಯಿತೆಂಬುದು ಮೇಲೆ ಹೇಳಿದ ಸಂಗತಿ.

ಕೊನೆಯದಾಗಿ, ಬೆಂಗಳೂರಿನ ಕಚೇರಿಗೆ, ಮೈಸೂರಿನ ಸಭೆಗೆ ಹೋಗುವ ವರ್ತಕರು ತಿಂಗಳಿಗೆ ಕೆಲವು ಬಾರಿಯಾದರೂ ರೈಲಿನಲ್ಲಿ ಹೋಗುವುದು ಒಳಿತು. ಇದು ಆದರ್ಶದ ಮಾತಲ್ಲ. ಮುಂದೊಂದು ದಿನ ಮದ್ದೂರಿನ ಒಂದು ನಿಲುಗಡೆಯ ಬಗ್ಗೆ ವಿಚಾರಣೆ ನಡೆದು, ಮನವಿ ಹೊತ್ತು ಬಂದವರನ್ನು ಅಧಿಕಾರಿಯೊಬ್ಬರು 'ತಾವು ಇಲ್ಲಿಗೆ ಬಂದದ್ದು ಹೇಗೆ?' ಎಂದು ಕೇಳಿದರೆ, ಆ ಪ್ರಶ್ನೆಗೆ ತಲೆ ತಗ್ಗಿಸದೆ ಉತ್ತರಿಸುವಂತಿರಬೇಕು.